ಕೈ ಬಡಿಯದೆ ಮುಳುಗಿದವನು

ತಂಗಿಯ ಫೋನ್ ಬಂದಾಗ ನಾನು ಧಾರವಾಡದ ಮನೆಯಲ್ಲಿ ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಅವಳ ಗಂಡನಿಗೆ ಜೊಯಿಡಾದ ಸರಕಾರಿ ಕಚೇರಿಯಲ್ಲಿ ಕೆಲಸ. ಒಬ್ಬಳೇ ಮಗಳು, ಹನ್ನೆರಡು ವರ್ಷದವಳು, ಅಲ್ಲಿಯ ಶಾಲೆಗೇ ಹೋಗುತ್ತಾಳೆ.

"ಅಕ್ಕಾ, ಇವತ್ತ ಸಾಲ್ಯಾಗ ಓಟದ ಪ್ರ್ಯಾಕ್ಟೀಸ್ ಮಾಡೂಮುಂದ ಇಕಿ ಒಮ್ಮೆಲೆ ಬಿದ್ದಾಳ. ಮಾಸ್ತರು ಮಾರಿಗೆ ನೀರ ಹೊಡದ ಮ್ಯಾಲೆ ಎದ್ದಾಳಂತ. ಈಗ ಆರಾಮ ಅದಾಳ. ಏನರ ಇರಬಹುದೇನ?"

ಅವಳು ನನ್ನನ್ನೇ ಕೇಳಿದ್ದರಲ್ಲಿ ವಿಶೇಷವಿರಲಿಲ್ಲ. ನಾನು ಡಾಕ್ಟರಲ್ಲ, ಕಾಲೇಜಿನಲ್ಲಿ ಪಾಠ ಮಾಡುವವಳು. ಆದರೆ ಪುಣೆಯಲ್ಲಿ ಆರು ವರ್ಷ ಹೃದಯದ ಜೀವಕೋಶಗಳ ಮೇಲೆ ಸಂಶೋಧನೆ ಮಾಡಿದ್ದೆ. ಮನೆಯಲ್ಲಿ ಯಾರಿಗೆ ಏನಾದರೂ ಮೊದಲ ಫೋನ್ ನನಗೇ ಬರುತ್ತಿತ್ತು.

"ಬಿಸಲಿಗೆ ತಲಿ ತಿರಗಿರಬೇಕ. ಲಿಂಬು ಶರಬತ್ತ ಕುಡಸು. ಎರಡ ದಿನ ಓಡಾಕ ಕಳಸಬ್ಯಾಡ" ಎಂದೆ.

ಫೋನ್ ಇಟ್ಟ ಮೇಲೆ ಒಂದು ಉತ್ತರಪತ್ರಿಕೆಯನ್ನೂ ತಿದ್ದಲಾಗಲಿಲ್ಲ. ಬಿಸಿಲಲ್ಲ ಎಂದು ಮನಸ್ಸು ಹೇಳುತ್ತಿತ್ತು. ಬಾಯಿಂದ ಮಾತು ಹೊರಡುವಾಗಲೇ ಹೇಳುತ್ತಿತ್ತು.

ಪುಣೆಯಲ್ಲಿ ನಾನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹೃದಯದ ಸ್ನಾಯುವಿನ ಪ್ರತಿ ಜೀವಕೋಶದ ಪೊರೆಯಲ್ಲಿಯೂ ಸಣ್ಣ ಬಾಗಿಲುಗಳಿವೆ. ಆ ಬಾಗಿಲುಗಳೆಂದರೆ ಪ್ರೋಟೀನುಗಳೇ. ಸೋಡಿಯಂ, ಕ್ಯಾಲ್ಸಿಯಂ ಒಳಗೆ ಬರುವ ಬಾಗಿಲು ತೆರೆದರೆ ಕೋಶ ಕುಗ್ಗುತ್ತದೆ. ಪೊಟ್ಯಾಸಿಯಂ ಹೊರಗೆ ಹೋಗುವ ಬಾಗಿಲು ತೆರೆದರೆ ಮತ್ತೆ ಸಡಿಲಾಗುತ್ತದೆ. ಒಂದು ಬಡಿತವೆಂದರೆ ಇಷ್ಟು. ನಾವು ಓಡಿದಾಗ, ಹೆದರಿದಾಗ, ತಣ್ಣೀರಿಗೆ ಧುಮುಕಿದಾಗ ರಕ್ತದಲ್ಲಿ ಅಡ್ರಿನಲಿನ್ ಏರುತ್ತದೆ. ಅದು ಕೋಶದ ಒಳಕ್ಕೆ ಹೋಗುವುದಿಲ್ಲ, ಹೊರಗೇ ನಿಂತು ಸುದ್ದಿ ಮುಟ್ಟಿಸುತ್ತದೆ. ಒಳಗೆ ಆ ಸುದ್ದಿ ಕೈಯಿಂದ ಕೈಗೆ ದಾಟಿ ಕಡೆಗೆ ಕೈನೇಸ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಅದು ಹೋಗಿ ಬಾಗಿಲುಗಳಿಗೆ ಫಾಸ್ಫೇಟಿನ ಒಂದೊಂದು ತುಣುಕು ಅಂಟಿಸುತ್ತದೆ. ಕ್ಯಾಲ್ಸಿಯಂ ಬಾಗಿಲು ಹೆಚ್ಚು ತೆರೆದು ಬಡಿತಕ್ಕೆ ಬಲ ಬರುತ್ತದೆ. ಅದರ ಜೊತೆಗೇ ಪೊಟ್ಯಾಸಿಯಂ ಬಾಗಿಲೂ ಹೆಚ್ಚು ತೆರೆಯಬೇಕು, ಇಲ್ಲವಾದರೆ ಈ ಬಡಿತ ಮುಗಿಯುವುದರೊಳಗೆ ಮುಂದಿನದು ಬಂದುಬಿಡುತ್ತದೆ.

ಕೆಲವರಲ್ಲಿ ಆ ಪೊಟ್ಯಾಸಿಯಂ ಬಾಗಿಲಿಗೆ ಹುಟ್ಟಿನಿಂದಲೇ ಒಂದು ದೋಷವಿರುತ್ತದೆ. ಕೂತಾಗ, ಮಲಗಿದಾಗ ಏನೂ ಗೊತ್ತಾಗುವುದಿಲ್ಲ. ಓಡಿದಾಗ ಸುದ್ದಿ ಬರುತ್ತದೆ, ಬಾಗಿಲು ಕೇಳುವುದಿಲ್ಲ. ಎದೆಯ ಲಯ ತಪ್ಪಿ ಮನುಷ್ಯ ಬೀಳುತ್ತಾನೆ. ಹೆಚ್ಚಿನವರು ಎದ್ದು ಕೂರುತ್ತಾರೆ. ಕೆಲವರು ಏಳುವುದಿಲ್ಲ.

ಕೂದಲಿಗಿಂತ ಸಣ್ಣ ಗಾಜಿನ ನಳಿಕೆಯನ್ನು ಒಂದೇ ಜೀವಕೋಶಕ್ಕೆ ಅಂಟಿಸಿ ಅದೇ ಬಾಗಿಲಿನ ವಿದ್ಯುತ್ತನ್ನು ಅಳೆದು ನಾನು ಪದವಿ ಪಡೆದೆ. ಆದರೂ ಅದು ನನಗೆ ತರಗತಿಯ ಗೋಡೆಯ ಮೇಲೆ ಬೀಳುವ ಸ್ಲೈಡಿನ ಚಿತ್ರವಾಗಿಯೇ ಇತ್ತು. ತಂಗಿಯ ಫೋನಿಗೆ ನಾಲ್ಕು ವರ್ಷ ಮೊದಲು, ಒಂದು ಮಧ್ಯಾಹ್ನ, ಮರುದಿನದ ಪಾಠಕ್ಕೆ ಓದುತ್ತಿದ್ದಾಗ ಹಿಂದೆ ಎಷ್ಟೋ ಸಲ ಓದಿದ ಒಂದು ಮಾತಿನ ಮೇಲೆ ಕಣ್ಣು ನಿಂತಿತು. ಈ ದೋಷವಿರುವ ಮಕ್ಕಳಿಗೆ ಈಜುವಾಗ ಅಪಾಯ ಹೆಚ್ಚು. ಚೆನ್ನಾಗಿ ಈಜಬಲ್ಲವರೂ ಕೂಗದೆ, ಕೈಕಾಲು ಬಡಿಯದೆ ಮುಳುಗಿಬಿಡುತ್ತಾರೆ, ಎಂದು ಅದರ ಅರ್ಥ.

ನಾನು ಪುಸ್ತಕ ಮುಚ್ಚಿ ಮುಖ ತೊಳೆದುಕೊಂಡೆ. ಮರುದಿನ ತರಗತಿಯಲ್ಲಿ ಆ ಭಾಗವನ್ನು ಬಿಟ್ಟು ಮುಂದೆ ಹೋದೆ. ಯಾರಿಗೂ ಏನೂ ಹೇಳಲಿಲ್ಲ.

ನನಗೊಬ್ಬ ತಮ್ಮನಿದ್ದ. ನನಗೆ ಹತ್ತು, ಅವನಿಗೆ ಎಂಟು, ತಂಗಿಗೆ ಎರಡು ವರ್ಷವಾಗಿದ್ದಾಗ ಅವನು ದಾಂಡೇಲಿಯಲ್ಲಿ ಕಾಳಿ ಹೊಳೆಯಲ್ಲಿ ಮುಳುಗಿ ಹೋದ. ಅಪ್ಪ ಪೇಪರ್ ಮಿಲ್ಲಿನಲ್ಲಿದ್ದ. ಅವ್ವನ ತಮ್ಮ, ನಮ್ಮ ಮಾಮಾ, ಚಿಗಳ್ಳಿಯಿಂದ ಬಂದು ನಮ್ಮ ಮನೆಯಲ್ಲೇ ಇದ್ದುಕೊಂಡು ಅದೇ ಮಿಲ್ಲಿಗೆ ಹೋಗುತ್ತಿದ್ದ. ಇಪ್ಪತ್ತೆರಡು ವರ್ಷದ ಹುಡುಗ. ನಮ್ಮಿಬ್ಬರಿಗೂ ಈಜು ಕಲಿಸಿದವನು ಅವನೇ. ಭಾನುವಾರ ನಮ್ಮನ್ನು ಹೊಳೆಗೆ ಕರೆದುಕೊಂಡು ಹೋಗುತ್ತಿದ್ದ, ಮೊಸಳೆ ಇಲ್ಲದ, ಹೆಂಗಸರು ಬಟ್ಟೆ ಒಗೆಯುವ ಜಾಗಕ್ಕೆ.

ಆ ಭಾನುವಾರ ನಾನು ತಮ್ಮನಿಗೆ, "ಆ ಬಂಡೀತನಾ ಯಾರು ಮದಲ ಮುಟ್ಟತೇವಿ ನೋಡೂಣು ಬಾ" ಎಂದೆ. ಮಾಮಾ ಸೊಂಟದ ನೀರಿನಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದ. ನಾನು ಬಂಡೆ ಮುಟ್ಟಿ ತಿರುಗಿದೆ. ತಮ್ಮ ಇರಲಿಲ್ಲ. ಮಾಮಾ ಆಗಲೇ ನೀರಿನೊಳಗೆ ಹೋಗಿದ್ದ. ಅವನನ್ನು ಎತ್ತಿ ದಂಡೆಗೆ ತಂದು, ಹೊಟ್ಟೆ ಒತ್ತಿ, ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ.

ಸಂಜೆ ಅಂಗಳದಲ್ಲಿ ಎಲ್ಲರೂ ಸೇರಿದ್ದಾಗ ಅಪ್ಪ ನನ್ನ ಎರಡೂ ಭುಜ ಹಿಡಿದು, "ಅವನ್ನ ಆಳಕ್ಕ ಯಾರು ಕರದ್ರು?" ಎಂದು ಕೇಳಿದ. ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಬೇರೆಯದನ್ನೇ ಹೇಳಿದೆ. "ಮಾಮಾ ದಂಡೀಮ್ಯಾಲೆ ಕುಂತಿದ್ದ. ಯಾರ ಜೋಡಿನೋ ಮಾತಾಡಕೋಂತ ಕುಂತಿದ್ದ. ನಮ್ಮನ್ನ ನೋಡಲಿಲ್ಲ."

ಅಪ್ಪ ಎಲ್ಲರ ಎದುರು ಮಾಮಾನ ಕಪಾಳಕ್ಕೆ ಹೊಡೆದ. ಮಾಮಾ ನನ್ನ ಕಡೆ ನೋಡಿದ. "ನಾ ಅಲ್ಲೇ ಇದ್ದೆ. ಅವಾ ಕೈ ಬಡೀಲಿಲ್ಲ" ಎಂದಷ್ಟೇ ಹೇಳಿದ. ಈಜು ಬರುವ ಹುಡುಗ ಕೈ ಬಡಿಯದೆ ಮುಳುಗಿದ ಎಂದರೆ ಯಾರು ನಂಬುತ್ತಾರೆ. ತಿಂಗಳೊಳಗೆ ಅವನು ಕೆಲಸ ಬಿಟ್ಟು ಚಿಗಳ್ಳಿಗೆ ಹೋಗಿ ಹೊಲ ನೋಡಿಕೊಂಡ. ಅವ್ವ ಅಂದಿನಿಂದ ನಾಗರಪಂಚಮಿ ಹಬ್ಬಕ್ಕೂ ತವರಿಗೆ ಹೋಗಲಿಲ್ಲ. ಮೂವತ್ತೈದು ವರ್ಷ ಅಕ್ಕ-ತಮ್ಮ ಒಬ್ಬರಿಗೊಬ್ಬರು ಮಾತಾಡಲಿಲ್ಲ.

ಈಗ ಪುಸ್ತಕ ಏಕೆ ಮುಚ್ಚಿದೆ ಎಂದು ತಿಳಿಯಬಹುದು. ತಮ್ಮನ ಸಾವಿಗೆ ಕಾರಣ ಇದಿರಬಹುದು ಎಂದು ಮನೆಯಲ್ಲಿ ಹೇಳಿದರೆ ಆ ದಿನದ ಮಾತೆಲ್ಲ ಮತ್ತೆ ಏಳುತ್ತದೆ. ಮಾಮಾ ಎಲ್ಲಿದ್ದ, ಯಾರು ಕರೆದರು, ಎಲ್ಲ. ಇದು ವಂಶದಲ್ಲಿ ಇಳಿಯುವ ದೋಷವೆಂಬುದೂ ನನಗೆ ಗೊತ್ತಿತ್ತು. ತಂಗಿಗೆ ಇರಬಹುದು, ಅವಳ ಮಗಳಿಗೆ ಇರಬಹುದು. ಒಂದು ಇಸಿಜಿ ಮಾಡಿಸಿ ಎಂದರೆ ಸಾಕಿತ್ತು, ಕಾರಣ ಕೂಡ ಹೇಳಬೇಕಿರಲಿಲ್ಲ. ಮುಂದಿನ ರಜೆಯಲ್ಲಿ ಹೇಳೋಣ ಎಂದುಕೊಂಡೆ. ಹಾಗೆ ನಾಲ್ಕು ವರ್ಷ ಹೋದವು.

ಲಿಂಬು ಶರಬತ್ತಿನ ಮಾತಾಗಿ ಮೂರು ತಿಂಗಳಿಗೆ ಹುಡುಗಿ ಮತ್ತೆ ಬಿದ್ದಳು, ಹಳಿಯಾಳದ ಬಸ್ ನಿಲ್ದಾಣದಲ್ಲಿ. ಅಲ್ಲಿರುವ ಅಪ್ಪನ ಕಡೆಯ ಅಜ್ಜಿಯ ಮನೆಗೆ ಹೋಗಿ ತಾಯಿ ಮಗಳು ವಾಪಸು ಹೊರಟಿದ್ದರು. ಬಸ್ಸು ಹೊರಡುತ್ತಿದ್ದುದನ್ನು ಕಂಡು, ನಿಲ್ಲಿಸುತ್ತೇನೆಂದು ಅವಳು ಮುಂದೆ ಓಡಿದಳು. ಈ ಸಲ ಕೈಕಾಲು ಸೆಟೆದುಕೊಂಡವು, ಕಣ್ಣುಗುಡ್ಡೆ ಮೇಲಕ್ಕೆ ಹೋದವು, ಬಹಳ ಹೊತ್ತು ಏಳಲಿಲ್ಲ. ಅಲ್ಲಿಯ ದವಾಖಾನೆಯಲ್ಲಿ ಫಿಟ್ಸ್ ಇರಬಹುದೆಂದು ಗುಳಿಗೆ ಬರೆದುಕೊಟ್ಟರು. ಎಲ್ಲ ಆದ ಮೇಲೆ ತಂಗಿ ಅಳುತ್ತ ಫೋನ್ ಮಾಡಿದಳು.

"ಅದು ಫಿಟ್ಸ್ ಅಲ್ಲ. ನಾಳೆ ಮುಂಜಾನೆ ಹುಬ್ಬಳ್ಳಿಗೆ ಕರಕೊಂಡು ಬಾ. ನಾನೂ ಬರ್ತೇನಿ. ಅಲ್ಲೀತನಾ ಆಕಿನ್ನ ಓಡಾಕ ಬಿಡಬ್ಯಾಡ" ಎಂದೆ. ನನ್ನ ದನಿಯಲ್ಲಿದ್ದ ಖಾತ್ರಿ ಅವಳಿಗೆ ಆಗ ವಿಚಿತ್ರವೆನಿಸಲಿಲ್ಲ.

ಹುಬ್ಬಳ್ಳಿಯ ಹೃದಯದ ವೈದ್ಯೆ ಇಸಿಜಿ ಪಟ್ಟಿಯನ್ನು ಮೇಜಿನ ಮೇಲೆ ಹರಡಿದಾಗ ನನಗೆ ಅಳತೆಪಟ್ಟಿ ಬೇಕಾಗಲಿಲ್ಲ. ಬಡಿತ ಮುಗಿಯುವ ಗೆರೆ ಎಳೆದುಕೊಂಡು ಎಲ್ಲಿಗೋ ಹೋಗಿತ್ತು.

"ನಿಮ್ಮ ಮನ್ಯಾಗ ಸಣ್ಣ ವಯಸ್ಸಿನ್ಯಾಗ ಯಾರರೆ ಒಮ್ಮೆಲೆ ತೀರಿಕೊಂಡಾರೇನ್ರಿ? ಓಡೂಮುಂದ, ಈಸೂಮುಂದ?" ವೈದ್ಯೆ ಕೇಳಿದರು.

ತಂಗಿ ಯೋಚಿಸಿ, "ನಮ್ಮಣ್ಣ ಒಬ್ಬಾಂವ ಹೊಳ್ಯಾಗ ಮುಳುಗಿ ಹೋಗ್ಯಾನ್ರಿ. ಆದ್ರ ಅದು ಬ್ಯಾರೆ. ನಮ್ಮ ಮಾಮಾ ಸರಿಯಾಗಿ ನೋಡಿರಲಿಲ್ಲ" ಎಂದಳು.

ಅವಳು ಅಣ್ಣನನ್ನು ಕಂಡ ನೆನಪಿಲ್ಲದವಳು. ನನ್ನ ಸುಳ್ಳನ್ನು ಅವಳು ಅಕ್ಷರ ಕಲಿಯುವ ಮೊದಲೇ ಕಲಿತಿದ್ದಳು. ನಾನು ಆ ಕೋಣೆಯಲ್ಲಿ ಕೂತು, ವೈದ್ಯೆ ಬರೆದುಕೊಳ್ಳುವುದನ್ನು ನೋಡುತ್ತಿದ್ದೆ. ಆಮೇಲೆ ತಂಗಿ ಮಗಳನ್ನು ಕರೆದುಕೊಂಡು ಹೊರಗೆ ಹೋದಾಗ, "ಅದು ಬ್ಯಾರೆ ಅಲ್ಲರಿ. ಅವಾ ಕೈ ಬಡೀದ ಮುಳುಗಿದ್ದ" ಎಂದು ವೈದ್ಯೆಗೆ ಹೇಳಿದೆ.

ಹುಡುಗಿಗೆ ಅಡ್ರಿನಲಿನ್ನಿನ ಸುದ್ದಿ ಕೋಶದ ಒಳಗೆ ಮುಟ್ಟದಂತೆ ತಡೆಯುವ ಗುಳಿಗೆ ಶುರುವಾಯಿತು. ತಂಗಿಯ ಇಸಿಜಿಯಲ್ಲೂ ಅದೇ ಗೆರೆ. ನನ್ನದು ಸರಿಯಾಗಿತ್ತು. ಆಮೇಲೆ ಬಂದ ರಕ್ತದ ಪರೀಕ್ಷೆಯೂ ಅದನ್ನೇ ಹೇಳಿತು: ಅವರಿಬ್ಬರಿಗೂ ಇದೆ, ನನಗಿಲ್ಲ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಂದು ಬಂಡೆಯವರೆಗೆ ಈಜಿ ಉಳಿದವಳು ನಾನು. ಏಕೆ ಉಳಿದೆ ಎಂಬುದು ಈಗ ಕಾಗದದ ಮೇಲೆ ಬಂದಿತ್ತು.

ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅವ್ವನನ್ನೂ ಅವ್ವನ ಕಡೆಯವರನ್ನೂ ಪರೀಕ್ಷಿಸಬೇಕೆಂದು ವೈದ್ಯೆ ಹೇಳಿದರು. ಅವ್ವನ ಕಡೆಯವರೆಂದರೆ ಮಾಮಾ.

ಮುಂಡಗೋಡದಲ್ಲಿ ಬಸ್ಸಿಳಿದು ಟಂಟಂ ಆಟೋ ಹಿಡಿದು ಚಿಗಳ್ಳಿಗೆ ಹೋದೆ. ಮಾಮಾ ಮನೆಯ ಮುಂದೆ ಗೋವಿನಜೋಳ ಹರವಿ ಕಾಲಿನಿಂದ ಹೊರಳಿಸುತ್ತಿದ್ದ. ಐವತ್ತೇಳು ವರ್ಷದ ಆ ಮನುಷ್ಯನನ್ನು ನಡಿಗೆಯಿಂದಲೇ ಗುರುತಿಸಿದೆ. ಅವನಿಗೆ ನಾನು ಹೆಸರು ಹೇಳಬೇಕಾಯಿತು. ಅವನು ಕಾಲಿಗೆ ಹತ್ತಿದ ಕಾಳು ಕೊಡವಿಕೊಂಡು, "ಒಳಗ ಬಾರವಾ" ಎಂದ. ಅವನ ಹೆಂಡತಿ, ನಮ್ಮ ಅತ್ತಿ, ಚಹಾ ತಂದುಕೊಟ್ಟು ಒಳಗೆ ಹೋದಳು.

ನಾನು ಮೊದಲು ಪರೀಕ್ಷೆಯ ಮಾತನ್ನೇ ಅಡ್ಡ ಹಿಡಿದೆ. "ಮಾಮಾ, ನೀವು ಒಮ್ಮೆ ಹುಬ್ಬಳ್ಳಿಗೆ ಬಂದು ಎದಿ ಪರೀಕ್ಷಾ ಮಾಡಿಸ್ಕೋಬೇಕು. ನಿಮ್ಮ ಮಕ್ಕಳೂ ಒಂದ ಸಲ ತೋರಿಸಿದ್ರ ಚೊಲೋ."

"ಮದಲ ನನಗ ನೀ ಅಂತಿದ್ದಿ" ಎಂದ ಅವನು. ಆಮೇಲೆ, "ಯಾಕ, ಏನಾಗೇತಿ?"

ಹುಡುಗಿ ಬಿದ್ದದ್ದು ಹೇಳಿದೆ, ಬಾಗಿಲುಗಳ ವಿಷಯ ಹೇಳಿದೆ. ಸುದ್ದಿ ಬಂದರೂ ತೆರೆಯದ ಬಾಗಿಲು, ಓಟ, ತಣ್ಣೀರು. ಅವನು ಚಹಾ ಕುಡಿಯದೆ ಕೇಳಿದ.

"ಅಂದ್ರ ಅವಾ ನೀರು ಕುಡದು ಹೋಗಿಲ್ಲ?"

"ಎದಿ ಮದಲ ತಪ್ಪಿರಬೇಕು. ಆಮ್ಯಾಲೆ ಮುಳುಗ್ಯಾನ. ಅವಂದು ಈಗ ಪರೀಕ್ಷಾ ಮಾಡಾಕ ಬರೂದಿಲ್ಲ, ನೂರಕ್ಕ ನೂರ ಅನ್ನಾಕಾಗೂದಿಲ್ಲ. ಆದ್ರ ನನಗ ಹಂಗ ಅನಸ್ತೈತಿ."

"ಕೈ ಬಡೀಲಿಲ್ಲ ಅವಾ" ಎಂದ ಮಾಮಾ. "ನಾ ಅವನ್ನ ನೋಡಾಕತ್ತಿದ್ದೆ. ಈಸಾಕತ್ತಾಂವ ನಿಂತಽ ಬಿಟ್ಟ. ಕೈ ಬಡದಿದ್ರ ಇನ್ನಾ ಲಗೂ ಹೊಕ್ಕಿದ್ದೆ. ಆಟಾ ಹಚ್ಯಾನ ಅಂತ ಒಂದ ಗಳಿಗಿ ತಡದೆ. ಅದಽ ಒಂದ ಗಳಿಗಿ. ನನ್ನ ಮಕ್ಕಳಿಗೆ ಈಸು ಕಲಸಲಿಲ್ಲ ನಾ. ಕೆರಿ ದಂಡಿಗೆ ಹೋಗಾಕ ಬಿಡಲಿಲ್ಲ."

ಆಗ ಹೇಳಿದೆ. "ನಾ ಸುಳ್ಳ ಹೇಳಿದ್ದೆ, ಮಾಮಾ. ನೀ ದಂಡೀಮ್ಯಾಲೆ ಇರಲಿಲ್ಲ. ಪೈಪೋಟಿ ಹಚ್ಚಿದಾಕಿ ನಾನು."

"ಅದು ನನಗ ಗೊತ್ತಿಲ್ಲೇನು. ನಾ ಅಲ್ಲೇ ನಿಂತಿದ್ನೆಲಾ." ಅವನು ದನಿ ಏರಿಸಲಿಲ್ಲ. "ಹತ್ತ ವರ್ಷದ ಹುಡುಗಿ, ಅಂಜಿ ಹೇಳಿದಿ. ಅದನ್ನ ನಾ ಮನಸಿನ್ಯಾಗ ಹಿಡಕೊಂಡಿಲ್ಲ. ಆದ್ರ ಆಮ್ಯಾಲೆ ನಿನಗ ಇಪ್ಪತ್ತಾತು, ಮೂವತ್ತಾತು, ನಲವತ್ತಾತು. ಅವಾಗೂ ಬರಲಿಲ್ಲ ನೀ."

ನಾನು ತಣ್ಣಗಾದ ಚಹಾದ ಕಪ್ಪನ್ನು ಕೆಳಗಿಟ್ಟೆ.

"ಈ ಎದಿ ವಿಷಯ ನಿನಗ ಎಂದ ತಿಳೀತು?"

"ನಾಕ ವರ್ಷಾತು."

ಅವನು ಎದ್ದು ಹೊರಗೆ ಹೋದ. ಬಾಗಿಲಿನಿಂದ ನೋಡಿದೆ, ಜೋಳ ಹೊರಳಿಸುತ್ತಿದ್ದ, ಆಗಲೇ ಹೊರಳಿಸಿದ್ದನ್ನೇ ಮತ್ತೆ. ನಾನು ಹೊರಟು ನಿಂತಾಗ ಮಾತ್ರ ಹತ್ತಿರ ಬಂದು ಒಂದು ಮಾತು ಕೇಳಿದ. "ಇದು ಅಕ್ಕನಿಂದ ಬಂದಿದ್ರ, ಆಕಿಗೆ ಹೆಂಗ ಹೇಳ್ತಿ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಮೈಮೇಲಿನ ಭಾರ ಇಳಿಸುವ ಅವಸರದಲ್ಲಿ ಅದು ಯಾರ ಹೆಗಲಿಗೆ ಹೋಗುತ್ತದೆಂದು ನೋಡಿರಲಿಲ್ಲ.

ಅವ್ವ ದಾಂಡೇಲಿಯಲ್ಲಿ ಇನ್ನಿಬ್ಬರು ಹೆಂಗಸರನ್ನು ಕಟ್ಟಿಕೊಂಡು ಖಾನಾವಳಿಗಳಿಗೆ ರೊಟ್ಟಿ ಮಾಡಿ ಕೊಡುತ್ತಾಳೆ. ನಾನು ಹೋದಾಗ ಆ ಹೆಂಗಸರು ಊಟಕ್ಕೆ ಮನೆಗೆ ಹೋಗಿದ್ದರು. ಅವ್ವ ಒಬ್ಬಳೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಮಾಮಾ ನೀರಿನಲ್ಲಿದ್ದದ್ದು, ನಾನು ಕರೆದದ್ದು, ಬಾಗಿಲುಗಳು, ಮೊಮ್ಮಗಳು. ಅವಳ ಕೈ ನಿಲ್ಲಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ಹೊರಳಿಸುತ್ತಲೇ ಕೇಳಿದಳು.

"ಇದು ಯಾರಿಂದ ಬರ್ತೈತಿ?"

"ತಾಯಿಯಿಂದರೆ, ತಂದಿಯಿಂದರೆ. ನಿನ್ನ ಪರೀಕ್ಷಾ ಮಾಡಿದ್ರ ಗೊತ್ತಾಗ್ತೈತಿ."

"ಸಣ್ಣಾಕಿ ಇದ್ದಾಗ ನಾನೂ ಎರಡ ಸಲ ಬಿದ್ದಿದ್ದೆ, ಓಡೂಮುಂದ" ಎಂದಳು ಅವ್ವ. "ರಕ್ತ ಕಡಿಮಿ ಐತಿ ಅಂದಿದ್ರು."

ಆಮೇಲೆ ಎರಡು ದಿನ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಅದು ಅವಳಿಗೆ ಗೊತ್ತಿತ್ತೋ ಏನೋ. ಮೂರನೆಯ ದಿನ ಬೆಳಿಗ್ಗೆ, "ನನ್ನ ತಮ್ಮಗ ಫೋನ್ ಹಚ್ಚು" ಎಂದಳು. ನಂಬರು ಒತ್ತಿ ಕೊಟ್ಟು ನಾನು ಹೊರಗೆ ನಿಂತೆ. ಒಳಗಿನಿಂದ ಅಕ್ಕ-ತಮ್ಮನ ಮಾತು ಕೇಳಿಸಲಿಲ್ಲ.

ಪರೀಕ್ಷೆಯ ದಿನ ಹುಬ್ಬಳ್ಳಿಯ ಆಸ್ಪತ್ರೆಯ ಬೆಂಚಿನ ಮೇಲೆ ಅವ್ವ ಮೊದಲೇ ಕೂತಿದ್ದಳು. ಮಾಮಾ ಚೀಲ ಹಿಡಿದು ಬಂದ. ಅವ್ವ ಸೆರಗು ಸರಿಪಡಿಸಿಕೊಂಡು ಜಾಗ ಮಾಡಿದಳು.

"ಬಸ್ಸಿನ್ಯಾಗ ಕುಂಡ್ರಾಕ ಜಾಗ ಸಿಕ್ತೇನೋ, ತಮ್ಮಾ?"

"ಸಿಕ್ತಬೇ ಅಕ್ಕಾ. ಕಲಘಟಗಿ ದಾಟಿದ ಮ್ಯಾಲೆ ಸಿಕ್ತು."

ಅಷ್ಟೇ ಮಾತು. ಆದರೆ ಅವ್ವನನ್ನು ಒಳಗೆ ಕರೆದಾಗ ಅವಳು ಕೈಯಲ್ಲಿದ್ದ ಬಳೆ, ಕೊರಳಿನ ಸರ ಬಿಚ್ಚಿ ನನಗೆ ಕೊಡಲಿಲ್ಲ. ತಮ್ಮನ ಕೈಗೆ ಕೊಟ್ಟು ಹೋದಳು. ಅವನು ಅವನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಬರುವವರೆಗೂ ಹಾಗೇ ಕೂತ.

ಮಾಮಾನ ಇಸಿಜಿ ಸರಿಯಾಗಿತ್ತು. ಅವ್ವನದು ಸರಿಯಿರಲಿಲ್ಲ. "ನನ್ನಿಂದ ಅನ್ನು" ಎಂದಳು ಅವ್ವ. ನಾನು ಬಾಯಿ ತೆರೆಯುವುದರೊಳಗೆ ಮಾಮಾ, "ಯಾರಿಂದನೂ ಅಲ್ಲ. ನೀ ಏನ ಕೊಡಬೇಕಂತ ಕೊಟ್ಟಿಯೇನು?" ಎಂದ. ಅವಳಿಗೆ ಹೇಳಲು ನಾನು ವಾರಗಟ್ಟಲೆ ಹುಡುಕುತ್ತಿದ್ದ ಮಾತು ಅದು.

ಒಂದು ಕಡೆ ಕೂಡಿಕೊಂಡದ್ದು ಇನ್ನೊಂದು ಕಡೆ ಹರಿಯಿತು. ಮಾಮಾನ ಬಾಯಿಂದಲೋ ಅವ್ವನ ಬಾಯಿಂದಲೋ ನಾಲ್ಕು ವರ್ಷದ ವಿಷಯ ತಂಗಿಗೆ ಮುಟ್ಟಿತು. ಅವಳೇ ಫೋನ್ ಮಾಡಿ ಕೇಳಿದಳು.

"ನಿನಗ ಗೊತ್ತಿತ್ತು. ಆಕಿ ಮದಲನೇ ಸಲ ಬಿದ್ದಾಗ ನಿನಗ ಗೊತ್ತಿತ್ತು. ಆದ್ರೂ ಲಿಂಬು ಶರಬತ್ತ ಕುಡಸು ಅಂದಿ."

"ಹೌದು" ಎಂದೆ.

"ಹಳಿಯಾಳದಾಗ ಆಕಿ ಏಳದ ಇದ್ದಿದ್ರ?"

ಅವಳು ಫೋನ್ ಇಟ್ಟಳು. ಮುಂದೆ ಏಳೆಂಟು ತಿಂಗಳು ಅವಳಿಂದ ಬಂದ ಸಂದೇಶವೆಲ್ಲ ಒಂದೇ: ಗುಳಿಗೆ ಮುಗಿಯುತ್ತ ಬಂದಿವೆ. ಜೊಯಿಡಾದ ಅಂಗಡಿಯಲ್ಲಿ ಅವು ಯಾವಾಗಲೂ ಸಿಗುವುದಿಲ್ಲ, ಒಂದು ದಿನವೂ ತಪ್ಪಬಾರದು. ಹಾಗಾಗಿ ನಾನೇ ಧಾರವಾಡದಿಂದ ಒಯ್ದುಕೊಡುತ್ತೇನೆ. ಅವಳು ಚಹಾ ಕೊಡುತ್ತಾಳೆ, ಎದುರಿಗೆ ಕೂರುವುದಿಲ್ಲ. ಹುಡುಗಿ ಮಾತ್ರ ದೊಡ್ಡವ್ವ ದೊಡ್ಡವ್ವ ಎಂದು ಸುತ್ತುತ್ತಾಳೆ. ಓಟ ಬಿಟ್ಟದ್ದಕ್ಕೆ ಅವಳಿಗೆ ಸಿಟ್ಟಿದೆ, ಆದರೆ ಸಿಟ್ಟು ಗುಳಿಗೆಯ ಮೇಲೆ, ನನ್ನ ಮೇಲಲ್ಲ. ಅವಳಿಗೆ ಪೂರ್ತಿ ಹೇಳಿಲ್ಲ. ಇನ್ನು ಸ್ವಲ್ಪ ದೊಡ್ಡವಳಾದ ಮೇಲೆ ನಾನೇ ಹೇಳಬೇಕು. ಈ ಸಲ ಮುಂದೆ ಹಾಕುವುದಿಲ್ಲವೆಂದು ತಂಗಿಗೆ ಮಾತು ಕೊಟ್ಟಿದ್ದೇನೆ.

ಹೋದ ತಿಂಗಳು ಗುಳಿಗೆ ಕೊಟ್ಟು ಹೊರಟಾಗ ದಾಂಡೇಲಿಯ ಬಸ್ಸು ಬರಲಿಲ್ಲ. ಮುಂದಿನದಕ್ಕೆ ಎರಡು ತಾಸು. ತಂಗಿ ಕಾಯಿಪಲ್ಲೆಗೆಂದು ಬಂದವಳು ನನ್ನನ್ನು ಕಂಡು ನಿಂತಳು, ಹೋಗಲಿಲ್ಲ. ನಿಲ್ದಾಣದ ಕಟ್ಟೆಯ ಮೇಲೆ ಚೀಲವನ್ನು ನಡುವೆ ಇಟ್ಟುಕೊಂಡು ಕೂತಳು. ರಸ್ತೆಯ ಕಡೆ ನೋಡುತ್ತಲೇ ಕೇಳಿದಳು.

"ಅಣ್ಣ ಹೆಂಗಿದ್ದ?"

ಮೂವತ್ತೈದು ವರ್ಷದಲ್ಲಿ ಅವನು ಹೇಗೆ ಸತ್ತನೆಂಬುದನ್ನು ಬಿಟ್ಟು ಅವನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಿರಲಿಲ್ಲ. ಅವನಿಗೆ ಬಲಗಡೆ ಒಂದು ಹಲ್ಲು ವಾರೆ ಇತ್ತು ಎಂದೆ. ಮಿಲ್ಲಿನ ಪಾಳಿ ಬದಲಾಗುವ ಭೋಂಗಾ ಕೂಗಿದಾಗ ಅದರ ಹಾಗೆಯೇ ಕೂಗುತ್ತಿದ್ದ, ನಿನ್ನನ್ನು ಎತ್ತಿಕೊಂಡು ಓಣಿ ತುಂಬ ತಿರುಗುತ್ತಿದ್ದ, ಯಾರು ಕೇಳಿದರೂ ಕೊಡುತ್ತಿರಲಿಲ್ಲ ಎಂದೆ. ತಂಗಿ ಚೀಲವನ್ನು ಎತ್ತಿ ಕಾಲ ಬಳಿ ಇಟ್ಟು, "ಮತ್ತ?" ಎಂದಳು.